ವೇಗದ ಗಾಡಿಯ ಬೆವರು

ಅಡುಗೆಮನೆಯ ಮೇಜು, ಕಿಟಕಿಯ ಪಕ್ಕ
ಶನಿವಾರ, ಮಾರ್ಚ್ ೧೪

ಪ್ರೀತಿಯ ಮಗಳೇ,

ಸಮಸ್ತ ಲೋಕಕ್ಕೂ, ವಿಶೇಷವಾಗಿ ನಡುಸಮುದ್ರದಲ್ಲಿರುವ ನಿನಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿನ್ನ ಅಪ್ಪ ಇಂದು ಬೆಳಿಗ್ಗೆ ಕಾಫಿ ಕುಡಿದಾದ ಮೇಲೆ, ಯಾರ ಬಲವಂತವೂ ಇಲ್ಲದೆ, ಪೂರ್ಣ ಎಚ್ಚರದಲ್ಲಿದ್ದುಕೊಂಡು, ತಮ್ಮ ಹಳದಿ ಒರೆಸುಬಟ್ಟೆಯನ್ನು ನನ್ನ ಕೈಗೆ ಒಪ್ಪಿಸಿದ್ದಾರೆ. ಸೋತ ರಾಜ ಕತ್ತಿ ಒಪ್ಪಿಸುವಾಗಲೂ ಮುಖ ಅಷ್ಟು ಗಂಭೀರವಾಗಿ ಇಟ್ಟುಕೊಳ್ಳುತ್ತಾನೋ ಇಲ್ಲವೋ. ನಾನೂ ಮರ್ಯಾದೆಗೆ ಎದ್ದು ನಿಂತೇ ಸ್ವೀಕರಿಸಿದೆ.

ಅದಿರಲಿ, ನೀನು ಹೇಗಿದ್ದೀಯ? ಇಂಜಿನ್ ಕೋಣೆಯ ಸೆಖೆಯಲ್ಲಿ ಸರಿಯಾಗಿ ನೀರು ಕುಡಿಯುತ್ತಿದ್ದೀಯ ತಾನೆ? ಅಷ್ಟು ದೊಡ್ಡ ಹಡಗಿನ ಎಣ್ಣೆ ನೀರು ನೋಡಿಕೊಳ್ಳುವ ಇಂಜಿನಿಯರಮ್ಮ ತನ್ನ ಹೊಟ್ಟೆಯನ್ನು ಮಾತ್ರ ಮರೆಯುತ್ತಾಳೆ ಎಂಬುದು ಹೆತ್ತವಳಿಗೆ ಗೊತ್ತಿಲ್ಲವೇ? ನಮ್ಮ ಆರೋಗ್ಯ ಕೇಳುವುದಾದರೆ, ನನ್ನ ಮಂಡಿ ಕಟಕಟ ಅಂತ ಮಾತಾಡುತ್ತಿದೆ, ನಿನ್ನ ಅಪ್ಪ ಮಾತಾಡುತ್ತಿಲ್ಲ. ಫೋನಿನಲ್ಲಿ ಹೇಳೋಣ ಎಂದರೆ ಅವರು ಪಕ್ಕದಲ್ಲೇ ಕೂತು ಸ್ಪೀಕರ್ ಒತ್ತುತ್ತಾರೆ. ಅವರ ವಿಷಯವನ್ನು ಅವರ ಎದುರಿಗೇ ಹೇಳುವಷ್ಟು ಕಲ್ಲುಮನಸ್ಸು ನನಗಿಲ್ಲ. ಬೆನ್ನ ಹಿಂದೆ ಹೇಳುವಷ್ಟು ಇದೆ. ಅದಕ್ಕೇ ಈ ಪತ್ರ.

ವಿಷಯ ನಿನ್ನ ಕಾರಿನದು. ಹಡಗು ಹತ್ತುವ ಮುಂಚೆ ನೀನು ಹೇಳಿ ಹೋದ ಮಾತು ನನ್ನ ಕಿವಿಯಲ್ಲೇ ಇತ್ತು: "ಅಮ್ಮಾ, ಹಳೇ ಗಾಡಿ, ಅದರಲ್ಲೂ ಜೋರಾಗಿ ಓಡೋ ಗಾಡಿ. ವಾರಂಟಿ ಮುಗಿಯೋದ್ರೊಳಗೆ ಒಂದ್ಸಲ ಪೂರ್ತಿ ಚೆಕ್ ಮಾಡಿಸಿಬಿಡು. ಆಮೇಲೆ ಗೇರ್‌ಬಾಕ್ಸ್ ಕೆಟ್ಟರೆ ನಾನು ಕಾರನ್ನೇ ಮಾರಬೇಕಾಗುತ್ತೆ." ಸಮುದ್ರದ ಮೇಲೆ ದುಡಿದು ದುಡಿದು ಕೊಂಡ ಒಂದೇ ಒಂದು ಆಸೆಯ ವಸ್ತು ಅದು. ವಾರಂಟಿ ಇಂದು ಸಂಜೆಗೆ ಮುಗಿಯುವುದಿತ್ತು. ನಾನು ಸೋಮವಾರವೇ ಸೆರಗು ಬಿಗಿದೆ.

ಆದರೆ ಈ ಮನೆಯಲ್ಲಿ ಆ ಕಾರಿಗೆ ಇನ್ನೊಬ್ಬ ವಾರಸುದಾರರಿದ್ದಾರಲ್ಲ. ಅದನ್ನು ಆರಿಸಿದ್ದು ನಿನ್ನ ಅಪ್ಪ. ಮಾರುವವನ ಅಂಗಳದಲ್ಲಿ ಸುತ್ತಲೂ ತಟ್ಟಿ ನೋಡಿ, ತೆಂಗಿನಕಾಯಿಯ ಹಾಗೆ ಕಿವಿಗೊಟ್ಟು ಕೇಳಿ, "ಇದಕ್ಕೆ ಅವನ ವಾರಂಟಿ ಯಾಕೆ, ನಾನಿದೀನಲ್ಲ" ಎಂದು ಎದೆ ತಟ್ಟಿಕೊಂಡಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಆರಿಸಿದವರಿಗೆ ಅದಕ್ಕಿಂತ ಮುದ್ದು. ಮೇಲಾಗಿ ಅವರು ಆಸ್ಪತ್ರೆಯ ಸ್ವಚ್ಛತೆಯ ಮೇಲ್ವಿಚಾರಕರಾಗಿ ನಿವೃತ್ತರಾದವರು. ಆಪರೇಷನ್ ಕೋಣೆಯಲ್ಲಿ ಕಂಡ ಧೂಳಿಗೆ ಇಂದಿಗೂ ಅವರ ಹೆಸರೆಂದರೆ ನಡುಕ.

ಮಂಗಳವಾರ, ಕಾರು ಮಾರಿದವನದೇ ವರ್ಕ್‌ಶಾಪಿಗೆ ಹೋದೆವು. ಅಲ್ಲಿ ತಪಾಸಣೆ ಮಾಡುವವನು ಯಾವಾಗಲೂ ಹಲ್ಲಲ್ಲಿ ಸಣ್ಣ ಟಾರ್ಚ್ ಕಚ್ಚಿಕೊಂಡಿರುತ್ತಾನೆ, ಹಾಗಾಗಿ ನಾನು ಅವನನ್ನು ಟಾರ್ಚಪ್ಪ ಎನ್ನುತ್ತೇನೆ. ಕಾರನ್ನು ಲಿಫ್ಟಿನ ಮೇಲೆತ್ತಿ, ಕೆಳಗೆ ನಿಂತು, ಟಾರ್ಚು ತೆಗೆದು ಹೇಳಿದ: "ಅಮ್ಮಾ, ನನ್ನ ಸರ್ವಿಸಲ್ಲಿ ಇಷ್ಟು ಕ್ಲೀನ್ ಗಾಡಿ ನೋಡಿಲ್ಲ. ಇಲ್ಲಿ ಊಟಕ್ಕೆ ಕೂರಬಹುದು." ನಿನ್ನ ಅಪ್ಪನ ಮುಖ ಅರಳಿ ಮೊರದಷ್ಟಾಯಿತು. ನಾನು ಮಾತ್ರ ಕತ್ತು ಚಾಚಿ ಇನ್ನೊಮ್ಮೆ ನೋಡಿದೆ. ಓಡಿದ ಗಾಡಿಯ ಹೊಟ್ಟೆ ಅಷ್ಟು ಹೊಳೆಯುವುದುಂಟೇ?

ಮನೆಗೆ ಬಂದು ಬಟ್ಟೆ ಒಣಹಾಕುವ ಹಗ್ಗ ನೋಡಿದೆ. ಹಳದಿ ಬಟ್ಟೆಗಳು ಸಾಲಾಗಿ ನೇತಾಡುತ್ತಿದ್ದವು, ಒಂದೊಂದರ ಮೇಲೂ ತೊಳೆದರೂ ಹೋಗದ ಕಂದು ಕಲೆ. ಬಟ್ಟೆ ಕಾರ್ಖಾನೆಯಲ್ಲಿ ಆಯುಷ್ಯವಿಡೀ ಕಲೆ ಹುಡುಕಿದವಳು ನಾನು. ಚಹಾದ ಕಲೆ ಯಾವುದು, ಎಣ್ಣೆಯ ಕಲೆ ಯಾವುದು ಎಂದು ನನಗೆ ಹೇಳಿಕೊಡಬೇಕೇ? ಮಾರನೆಯ ಬೆಳಿಗ್ಗೆ ಹೊಂಚು ಹಾಕಿ ನೋಡಿದರೆ, ನಿನ್ನ ಅಪ್ಪ ಪೈಜಾಮದಲ್ಲಿ ಕಾರಿನ ಕೆಳಗೆ ಅಂಗಾತ ಮಲಗಿದ್ದಾರೆ, ಕಾಲು ಮಾತ್ರ ಹೊರಗೆ. "ಏನ್ರೀ ಅದು?" ಅಂದೆ. ಕಾಲೆರಡೂ ಬೆಚ್ಚಿದವು. ಒಳಗಿನಿಂದ ದನಿ ಬಂತು: "ಎಣ್ಣೆ ಗಿಣ್ಣೆ ಏನೂ ಇಲ್ಲ." ಎಣ್ಣೆಯ ಮಾತನ್ನು ನಾನು ಎತ್ತಿಯೇ ಇರಲಿಲ್ಲ! ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಒರೆಸಿಕೊಂಡಾಗಿತ್ತು. ಹೊರಗೆ ಬಂದ ಮೇಲೆ ವಿವರಣೆ ಕೊಟ್ಟರು: "ವೇಗದ ಗಾಡಿ ಕಣೇ, ಸ್ವಲ್ಪ ಬೆವರುತ್ತೆ."

ತಿಂಗಳುಗಳಿಂದ ದಿನಾ ಬೆಳಿಗ್ಗೆ ಆ ಬೆವರನ್ನು ಒರೆಸುತ್ತಿದ್ದರಂತೆ. ತಪಾಸಣೆಗೆ ಮುಂಚೆಯಂತೂ ಸೋಪು ಹಾಕಿ ಉಜ್ಜಿದ್ದರಂತೆ. "ಡಾಕ್ಟರ ಹತ್ರ ಹೋಗುವಾಗ ಸ್ನಾನ ಮಾಡಲ್ವಾ?" ಎಂದು ನನ್ನನ್ನೇ ಕೇಳಿದರು. "ಸ್ನಾನ ಮಾಡ್ತೀವಿ. ಜ್ವರವನ್ನೇ ಒರೆಸಿಕೊಂಡು ಹೋಗಲ್ಲ" ಅಂದೆ.

ಆ ರಾತ್ರಿ ಕಾರಿನ ಕೆಳಗೆ ಒಂದು ಬಿಳಿ ದಿಂಬಿನ ಚೀಲ ಹಾಸಿದೆ, ಬೆಳಿಗ್ಗೆ ಸಾಕ್ಷಿ ಸಿಗಲಿ ಎಂದು. ಬೆಳಿಗ್ಗೆ ಅದು ಒಗೆದು, ಇಸ್ತ್ರಿಯಾಗಿ, ಮಡಿಸಿ ಬೀರುವಿನಲ್ಲಿತ್ತು. ಆಗ ನಾನು ಯುದ್ಧ ಸಾರಿದೆ. ಮನೆಯಲ್ಲಿದ್ದ ಒರೆಸುಬಟ್ಟೆ, ಟವೆಲ್ಲು, ಕೊನೆಗೆ ಅವರ ಹಳೇ ಬನಿಯನ್ನುಗಳವರೆಗೂ ಒಟ್ಟುಮಾಡಿ ಟ್ರಂಕಿಗೆ ಹಾಕಿ ಬೀಗ ಜಡಿದೆ. ಹಳದಿ ಬಟ್ಟೆ ಒಂದನ್ನು ಮಾತ್ರ ಎಲ್ಲಿ ಬಚ್ಚಿಟ್ಟಿದ್ದರೋ, ಸಿಗಲಿಲ್ಲ. ನಾನು ಕಾರಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಾವಲು ಕೂತೆ.

ನಿನ್ನೆ ಮತ್ತೆ ವರ್ಕ್‌ಶಾಪಿಗೆ. ಬಾಗಿಲ ಬಳಿಯ ಮೇಜಿನಲ್ಲಿ ಹೆಸರು ಬರೆದುಕೊಳ್ಳುವ ಹುಡುಗಿ "ಮೊನ್ನೆ ತಾನೆ ನೋಡಿದೀವಲ್ಲಾ ಆಂಟಿ" ಎಂದು ನಕ್ಕಳು. "ಮೊನ್ನೆ ನೋಡಿದ್ದು ಮದುಮಗಳನ್ನು. ಇವತ್ತು ರೋಗಿಯನ್ನು ನೋಡಿ" ಎಂದೆ. ನಾನು ಜಾಗ ಬಿಟ್ಟು ಕದಲುವವಳಲ್ಲ ಎಂದು ಗೊತ್ತಾದ ಮೇಲೆ ಟಾರ್ಚಪ್ಪ ತಲೆ ಕೆರೆದುಕೊಂಡು ಹೇಳಿದ, ಗಾಡಿ ಚೆನ್ನಾಗಿ ಬಿಸಿಯಾಗಬೇಕು, ನಾಲ್ಕು ಸಲ ಜೋರಾಗಿ ಓಡಿಸಬೇಕು, ಆಗ ಸೋರುವುದಿದ್ದರೆ ಸೋರುತ್ತದೆ ಅಂತ. ನಿನ್ನ ಅಪ್ಪ ಆ ಕಾರನ್ನು ಎಂದೂ ಮೂರನೇ ಗೇರು ದಾಟಿಸಿದವರಲ್ಲ. ಕುದುರೆಯನ್ನು ಕೊಂಡು ಅದರ ಪಕ್ಕದಲ್ಲಿ ನಡೆದುಕೊಂಡು ಹೋಗುವ ಜಾತಿ. ಟಾರ್ಚಪ್ಪ ಸ್ಟಿಯರಿಂಗ್ ಹಿಡಿದ, ನಾನು ಮುಂದೆ ಹತ್ತಿದೆ, ಅವರು ಹಿಂದೆ ಕೂತು ಕಣ್ಣು ಮುಚ್ಚಿದರು. ಊರಾಚೆಯ ಖಾಲಿ ರಸ್ತೆಗೆ ಬಂದು ಅವನು ಒಮ್ಮೆ ಕಾಲು ಒತ್ತಿದ ನೋಡು, ನನ್ನ ಬೆನ್ನು ಸೀಟಿಗೆ ಅಂಟಿತು, ಕನ್ನಡಕ ಮೂಗಿಗೆ ಅಂಟಿತು, ಹಿಂದಿನಿಂದ ಸಕಲ ದೇವರ ಹೆಸರೂ ಒಂದೇ ಉಸಿರಿನಲ್ಲಿ ಕೇಳಿಸಿತು. ನಾನು "ಇನ್ನೊಂದ್ಸಲ" ಎಂದೆ. ಕೆಲಸಕ್ಕಾಗಿಯೇ ಅಂದದ್ದು, ಸುಮ್ಮನೆ ಏನೇನೋ ಅರ್ಥ ಮಾಡಿಕೊಳ್ಳಬೇಡ.

ವಾಪಸು ಬಂದು ಲಿಫ್ಟಿಗೇರಿಸಿದರು. ಮೂವರೂ ಕತ್ತೆತ್ತಿ ನಿಂತೆವು. ತುಂಬಾ ಹೊತ್ತು ಏನೂ ಇಲ್ಲ. ಆಮೇಲೆ ಗೇರ್‌ಬಾಕ್ಸಿನ ಪಕ್ಕ, ಚಕ್ರಕ್ಕೆ ಹೋಗುವ ದಂಡದ ಬುಡದಲ್ಲಿ ಸಣ್ಣದೊಂದು ಹೊಳಪು ಕಂಡಿತು. ಅದು ದಪ್ಪಗಾಯಿತು, ಜೋತುಬಿತ್ತು. ಪಕ್ಕದಲ್ಲಿ ನಿನ್ನ ಅಪ್ಪನ ಕೈ ತಾನಾಗಿ ಜೇಬಿಗೆ ಹೋಯಿತು, ಹಳದಿ ಬಟ್ಟೆಯ ತುದಿ ಹೊರಗೆ ಇಣುಕಿತು. ನಾನು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮದುವೆಯ ದಿನವೂ ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ. ಹನಿ ಟಪ್ ಅಂತ ಬಿತ್ತು. ಟಾರ್ಚಪ್ಪ ಫೋಟೋ ತೆಗೆದ, "ಎಣ್ಣೆ ತಡೆಯೋ ಸೀಲ್ ಹೋಗಿದೆ ಅಮ್ಮಾ, ಒಳಗೆ ಬೇರಿಂಗೂ ಸದ್ದು ಮಾಡ್ತಿದೆ. ಹೀಗೇ ಬಿಟ್ಟಿದ್ರೆ ಗೇರ್‌ಬಾಕ್ಸ್ ಪೂರ್ತಿ ಹೋಗ್ತಿತ್ತು" ಎಂದ. ಮೇಜಿನ ಹುಡುಗಿ ಅಲ್ಲೇ ದಾಖಲು ಮಾಡಿಕೊಂಡಳು. ವಾರಂಟಿಯೊಳಗೇ ಸೇರಿತು, ಎಲ್ಲವೂ ಅವರದೇ ಖರ್ಚು. ನಿನ್ನ ಕಾರು ನಿನ್ನದಾಗಿಯೇ ಉಳಿಯಿತು ಮಗಳೇ.

ಹನಿ ಬಿದ್ದಾಗ ನಾನು ಗೆದ್ದೆ ಎಂದು ನಗುವುದರಲ್ಲಿದ್ದೆ. ಪಕ್ಕಕ್ಕೆ ತಿರುಗಿದರೆ ಅವರು "ನಾನೇ ಆರಿಸಿದ್ದಲ್ವಾ" ಎಂದಷ್ಟೇ ಹೇಳಿದರು. ಕಾರನ್ನು ಅಲ್ಲೇ ಬಿಟ್ಟು ಮನೆಗೆ ಹೊರಟೆವು, ಹಿಡಿದ ಕೈಯನ್ನು ಬಸ್ಸು ಇಳಿಯುವವರೆಗೂ ಬಿಡಲು ನನಗೆ ಮನಸ್ಸಾಗಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು, ನಿನ್ನ ಜೊತೆಯವರಿಗೆಲ್ಲ ನಮ್ಮ ನೆನಪು ಹೇಳು. ಅಲೆಗಳು ನಿನ್ನನ್ನು ಮೆಲ್ಲಗೆ ತೂಗಲಿ.

ನಿನ್ನ ಅಮ್ಮ

ತಾ.ಕ.: ಈಗಷ್ಟೇ ವರ್ಕ್‌ಶಾಪಿನಿಂದ ಫೋನ್ ಬಂತು. ಚಕ್ರ ಬಿಚ್ಚಲಾಗದೆ ಕೆಲಸ ನಿಂತಿದೆಯಂತೆ. ಚಕ್ರದ ಕಳ್ಳರ ಕಾಟಕ್ಕೆಂದು ನೀನು ಬೀಗದ ನಟ್ಟು ಹಾಕಿಸಿದ್ದೀಯಂತಲ್ಲ, ಅದನ್ನು ಬಿಚ್ಚುವ ಪುಟ್ಟ ಸಾಕೆಟ್ ಕಾರಿನಲ್ಲಿಲ್ಲ. ನೀನು ಭದ್ರವಾಗಿಟ್ಟ ವಸ್ತು ದೇವರಿಗೂ ಸಿಗುವುದಿಲ್ಲ, ನನಗೆಲ್ಲಿ ಸಿಗಬೇಕು! ನಿನ್ನ ಅಪ್ಪನಾದರೋ ಇನ್ನು ಆ ಟಾರ್ಚಪ್ಪನ ಮುಖ ನೋಡುವುದಿಲ್ಲ, ಆ ಬಾಗಿಲು ತುಳಿಯುವುದಿಲ್ಲ ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ಅದಕ್ಕೇ ಹೇಳುತ್ತೇನೆ, ಮುಂದಿನ ಬಂದರಿನಲ್ಲಿ ಈ ಪತ್ರ ಕೈಗೆ ಸಿಕ್ಕ ಕೂಡಲೆ ಒಂದು ಫೋನ್ ಮಾಡು. ಆ ಸಾಕೆಟ್ ಎಲ್ಲಿದೆ ಎಂದು ಹೇಳು. ಆದರೆ ನನಗೆ ಹೇಳಬೇಡ. ಅಪ್ಪನಿಗೇ ಹೇಳು, ಅವರೇ ಕೊಂಡೊಯ್ದು ಕೊಡಬೇಕು ಎಂದು ಕೇಳಿಕೋ.