ಕೌದಿಯ ಕೆಳಗಿನ ಚೀಟಿ

ಹ್ಯಾರೋ, ಲಂಡನ್
೧೨ ಅಕ್ಟೋಬರ್ ೨೦೨೫, ಭಾನುವಾರ

ಚಿರಂಜೀವಿ ತನ್ಮಯಿಗೆ ಅಮ್ಮನ ಆಶೀರ್ವಾದ.

ಹಸಿದ ಕೌದಿಯ ಕತೆಯನ್ನು ನನಗೆ ಮೊದಲು ಹೇಳಿದವರು ನಿನ್ನ ಆಯಿ, ಅಂದರೆ ನನ್ನ ಅತ್ತೆ. ನಾನು ಸೊಸೆಯಾಗಿ ಬಂದ ವರ್ಷ, ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಹಳೆಯ ಸೀರೆ ಹರಡಿಕೊಂಡು ಹೊಲಿಯುತ್ತಿದ್ದ ಒಂದು ಮಧ್ಯಾಹ್ನ. ಯಾರೋ ಒಬ್ಬಳು ಅವಸರದಲ್ಲಿ, ನಡುವೆ ನಾಲ್ಕು ಕಾಳು ಜೋಳ ಇಡದೆ ಕೌದಿ ಮುಗಿಸಿಬಿಟ್ಟಳಂತೆ. ಹಸಿದ ಆ ಕೌದಿ ಹೊದ್ದವರ ನಿದ್ದೆಯನ್ನೇ ತಿಂದಿತಂತೆ.

ನಿನ್ನೆಯಿಂದ ಅದು ನನ್ನ ನಿದ್ದೆಯನ್ನೂ ತಿನ್ನುತ್ತಿದೆ.

ಮ್ಯೂಸಿಯಂನವರು ನಮ್ಮ ಕಡೆಯ ಮನೆಗಳಿಂದ ಹಳೆಯ ವಸ್ತು ಕೇಳಿದಾಗ ಆಯಿಯ ಕೌದಿ ಒಯ್ದು ಕೊಟ್ಟವಳು ನೀನು. ನಿನ್ನೆ ಹೋಗಿ ನೋಡಿದರೆ ಅದರ ಎದುರಿಗೆ ಬಂಗಾರದ ಚೌಕಟ್ಟಿನ ದೊಡ್ಡ ಚಿತ್ರ. ರೇಷ್ಮೆ ಹೊದಿಕೆ ಹೊಲಿಯುತ್ತ ಕುಳಿತ ದೊರೆಸಾನಿ, ಕಾಲ ಬಳಿ ನಾಯಿ. ದೂರದಿಂದ ರೇಷ್ಮೆ ಥಳಥಳ ಹೊಳೆಯಿತು. ಹತ್ತಿರ ಹೋದರೆ ಬರೀ ಬಣ್ಣ; ಕೈಯಲ್ಲಿ ಸೂಜಿ ಇದೆ, ದಾರವೇ ಇಲ್ಲ! ಅತ್ತೆಯ ಕೌದಿ ದೂರಕ್ಕೆ ಮಾಸಲು. ಹತ್ತಿರ ಹೋದರೆ ಇರುವೆ ಸಾಲಿನಂಥ ಹೊಲಿಗೆ, ಅಂಚಿನಲ್ಲಿ ನಿನ್ನಪ್ಪನ ಶಾಲೆಯ ಅಂಗಿಯ ನೀಲಿ ತುಂಡು. ದಾರವಿಲ್ಲದೆ ಹೊಲಿಯುವ ಆ ಹೆಂಗಸಿಗೆ ಕೆಳಗಿನ ಚೀಟಿಯಲ್ಲಿ ಹೆಸರಿದೆ. ಅತ್ತೆಯ ಕೌದಿಯ ಚೀಟಿಯಲ್ಲಿ ಏನಿದೆ? ಹೊಲಿದವರು ಯಾರೋ ತಿಳಿಯದು!

ಜೊತೆಗೆ ಬಂದಿದ್ದ ಪಕ್ಕದ ಮನೆಯ ಅಪೊಲಿನ್ ಸುಮ್ಮನಿರಬೇಕಲ್ಲ. "ಕೃಷ್ಣಕ್ಕಾ, ಆ ನಾಯಿಗೂ ಹೆಸರುಂಟು ಮಾರಾಯ್ರೆ, ಪರ್ಲ್ ಅಂತೆ. ನಿಮ್ಮ ಅತ್ತೆಗೆ ಇಲ್ವಾ?" ಅಂದಳು.

ನನಗೆ ತಲೆ ಕೆಟ್ಟಿತು. ಅಲ್ಲಿ ಕೆಲಸಕ್ಕಿದ್ದ ಹುಡುಗಿಯ ಮೇಲೆ ಕೂಗಾಡಿದೆ. ನೀನು ತೋಳು ಹಿಡಿದೆಳೆದು, "ಅಮ್ಮಾ ಪ್ಲೀಸ್, ಎಲ್ಲರೂ ನೋಡ್ತಿದಾರೆ. ಅವರ ಫಾರ್ಮ್‌ನಲ್ಲಿ ನೀನು ಆಯಿ ಹೆಸರು ಬರೆದಿದ್ದೆ ತಾನೆ?" ಎಂದು ಕೇಳಿದೆ. "ಬರೀದ ಏನು? ಅವ್ರೇ ಕಳದಾರ!" ಅಂದೆ ನಾನು. ಟ್ಯೂಬ್ ರೈಲಿನಲ್ಲಿ ಕುಳಿತೇ ನೀನು ಅವರಿಗೆ ಖಾರವಾಗಿ ಮೇಲ್ ಬರೆದೆ. ಮಂಗಳವಾರ ಅವರ ಆಫೀಸಿಗೇ ಹೋಗಿ ಕೇಳುತ್ತೀಯಂತೆ.

ಹೋಗಬೇಡ, ತನೂ. ಅವರು ಏನೂ ಕಳೆದಿಲ್ಲ. ಹೆಸರಿನ ಆ ಕಾಲಂ ಖಾಲಿ ಬಿಟ್ಟವಳು ನಾನೇ. ಮೂರು ಸಲ ಪೆನ್ನು ಊರಿದೆ, ಮೂರು ಸಲ ಎತ್ತಿದೆ. ನಮ್ಮಲ್ಲಿ ಸೊಸೆ ಅತ್ತೆಯ ಹೆಸರು ಹೇಳುವುದಿಲ್ಲ. ಊರಲ್ಲಿದ್ದಾಗ ರೇಷನ್ ಕಾರ್ಡಿನವರು ಕೇಳಿದರೂ ನಿನ್ನಪ್ಪನ ಮುಖ ನೋಡುತ್ತಿದ್ದೆ, ಅವರು ಹೇಳುತ್ತಿದ್ದರು. ಈಗ ನೋಡಲು ಆ ಮುಖವೂ ಇಲ್ಲ. ಹಾಗೇ ಮಡಚಿ ನಿನ್ನ ಕೈಗೆ ಕೊಟ್ಟೆ. ಪಾಪ, ಆ ಹುಡುಗಿಯ ಕಣ್ಣಲ್ಲಿ ನೀರು ಬಂದಿತ್ತು. ನನ್ನ ಪರವಾಗಿ ಅವಳಿಗೆ ಕ್ಷಮೆ ಕೇಳು.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ. ನಾಳೆ ನಿಮ್ಮ ವೆಂಬ್ಲಿ ಕಡೆ ಬರುವ ಅಪೊಲಿನ್ ಕೈಯಲ್ಲಿ ಕಳಿಸುತ್ತೇನೆ. ಭಾನುವಾರದ ಕನ್ನಡ ಕ್ಲಾಸಿಗೆ ಅತ್ತುಕೊಂಡು ಹೋಗುತ್ತಿದ್ದೆಯಲ್ಲ, ಆ ಅಕ್ಷರ ಇವತ್ತಾದರೂ ಕೆಲಸಕ್ಕೆ ಬರಲಿ.

ಸಿಟ್ಟು ಮಾಡಿಕೊಂಡರೂ ಸರಿ, ಊಟ ಬಿಡಬೇಡ.

ನಿನ್ನ ಅಮ್ಮ,
ಕೃಷ್ಣವೇಣಿ

ತಾ.ಕ.: ಆ ಕತೆ ಕೇಳಿದ ಹೆಂಗಸರು ಅಂದು ನಕ್ಕು ಎದ್ದುಹೋಗಿದ್ದರು. ಮರುದಿನ ಬೆಳಿಗ್ಗೆ ನೋಡಿದರೆ ಒಬ್ಬೊಬ್ಬರೂ ಕೌದಿ ಹೊತ್ತುಕೊಂಡು, ಸೆರಗಿನಲ್ಲಿ ಜೋಳ ಕಟ್ಟಿಕೊಂಡು ನಮ್ಮ ಬಾಗಿಲಿಗೆ ಬಂದು ಕೂಗಿದರು: "ನಾಗವ್ವಾ, ಬಾ ಹೊರಗ, ಹೊಲಿಗಿ ಬಿಚ್ಚಿಕೊಡು!" ಓಣಿಗೆಲ್ಲ ಕೇಳಿಸಿತು. ಚೀಟಿಯಲ್ಲಿ ಅವರು ಕೂಗಿದ ಹೆಸರನ್ನೇ ಬರೆಸು.