ನೂರ ಹದಿನೈದು, ಇಪ್ಪತ್ತಮೂರು

4-7-25, ಶುಕ್ರವಾರ
ಎರಡು ಸೀರೆಗೆ ಫಾಲ್ಸ್ ಮುಗೀತು. ಮೂರನೇದಕ್ಕೆ ಇಸ್ತ್ರಿ ಹಾಕ್ತಾ ಇದ್ದೆ, ಕರೆಂಟ್ ಹೋಯ್ತು. ಮತ್ತೆ ಫ್ಯೂಸ್. ಈ ವಾರ ಮೂರನೇ ಸಲ.
ಕೆಳಗಿಂದ ವಾರಗಿತ್ತಿ ಕಲ್ಯಾಣಮ್ಮನ ಗಂಟಲು — "ಅಕ್ಕಾ, ಫ್ಯೂಸ್ ಹೋಯ್ತು. ನಿಮ್ಮ ಪೆಟ್ಟಿಗೆನೇ ಇರಬೇಕು."
ರಿಟೈರಾದ ಕನ್ನಡ ಮೇಷ್ಟ್ರಮ್ಮ. ಅವಳು ಬಾಯಿ ಬಿಟ್ಟರೆ ಪಾಠ. ನಾನು ಮೂರನೇ ಕ್ಲಾಸು. ಅವಳ ಮನೆಗೆ ಗೀಸರ್ ಬಂದು ಹತ್ತು ದಿನ, ಅದರ ಮೇಲೆ ಯಾರಿಗೂ ಅನುಮಾನ ಇಲ್ಲ. ಹೊಸದು ನೋಡಿ. ನನ್ನ ಇಸ್ತ್ರಿ ಪೆಟ್ಟಿಗೆ ನಮ್ಮ ಯಜಮಾನರು ಫ್ಯಾಕ್ಟರಿಗೆ ಸೇರಿದ ವರ್ಷ ತಂದಿದ್ದು. ಎರಡು ಮನೆಗೂ ಒಂದೇ ಲೈನು.

6-7-25, ಭಾನುವಾರ
ಸುಂಕದಕಟ್ಟೆಯಿಂದ ಎಲೆಕ್ಟ್ರಿಷಿಯನ್ ನಾಗರಾಜು ಬಂದಿದ್ದ. ಎರಡಕ್ಕೂ ಮೀಟರ್ ಹಿಡಿದ. ಮದುವೆ ಕಾರ್ಡಿನ ಹಿಂದೆ ಬರೆದುಕೊಟ್ಟ —
ಪೆಟ್ಟಿಗೆ: 230, 2, 115.
ಗೀಸರ್: 230, 10, 23.
ಯಾರೋ ಫೋನ್ ಮಾಡಿದರು, ಬಿಡಿಸಿ ಹೇಳದೇ ಗಾಡಿ ಹತ್ತಿದ. ಕಲ್ಯಾಣಮ್ಮ ಕನ್ನಡಕ ಏರಿಸಿದಳು. "ನೋಡಿ ಅಕ್ಕ. ನಿಮ್ಮದು ನೂರ ಹದಿನೈದು, ನಮ್ಮದು ಬರೀ ಇಪ್ಪತ್ತಮೂರು. ನಾನೇನು ಸುಳ್ಳು ಹೇಳ್ತೀನಾ?"
ನನ್ನ ಮಗ ಭೈರೇಶನೂ ತಲೆ ಆಡಿಸಿದ. ಪೆಟ್ಟಿಗೆ ಅವಳ ಮನೆ ಅಟ್ಟ ಸೇರಿತು. ನನ್ನ ಕೈಗೆ ಸಿಕ್ಕರೆ ಕದ್ದು ಪ್ಲಗ್ ಹಾಕ್ತೀನಂತೆ.
ಚೀಟಿ ಎತ್ತಿ ಎಲೆಅಡಿಕೆ ಡಬ್ಬಿಗೆ ಹಾಕಿಕೊಂಡೆ. ಯಾಕೋ.

2-8-25
ಫ್ಯೂಸ್ ಹೋಗೋದು ನಿಂತಿದೆ. ಅವಳ ಮಾತೇ ನಿಜ ಆಯ್ತು. ಓಣಿಗೆಲ್ಲ ಹೇಳಿದಾಳೆ — "ನಮ್ಮಕ್ಕ ಮನೆ ಸುಟ್ಟುಬಿಡ್ತಿದ್ರು." ಇಸ್ತ್ರಿ ಇಲ್ಲದ ಫಾಲ್ಸ್ ಯಾರಿಗೆ ಬೇಕು? ಹೆಂಗಸರು ಮಾರೇನಹಳ್ಳಿ ಸರ್ಕಲ್ ಟೈಲರ್ ಹತ್ರ ಹೋಗ್ತಾ ಇದಾರೆ. ಮೆಟ್ಟಿಲು ಹತ್ತೋರಿಲ್ಲ. ಸೂಜಿಗೆ ತುಕ್ಕು.

14-9-25, ಭಾನುವಾರ, ಸಂಜೆ
ಮೊಮ್ಮಗಳು ಸ್ಪಂದನ ಟೆಸ್ಟಿಗೆ ಗಟ್ಟಿಯಾಗಿ ಓದ್ತಾ ಇದ್ದಳು. ವೋಲ್ಟನ್ನ ಆಂಪಿಯರಿಂದ ಭಾಗಿಸಿದರೆ ಓಮ್. "ಓಮ್ ಅಂದ್ರೆ ಏನೇ?" ಅಂದೆ.
"ತಡೆ ಕಣಜ್ಜಿ. ಜಾಸ್ತಿ ಇದ್ದಷ್ಟೂ ಕರೆಂಟ್ ಕಮ್ಮಿ ಹರಿಯುತ್ತೆ."
ಚೀಟಿ ತೆಗೆದೆ. ಇನ್ನೂರ ಮೂವತ್ತನ್ನ ಎರಡರಿಂದ ಭಾಗಿಸಿದೆ. ನೂರ ಹದಿನೈದು. ಹತ್ತರಿಂದ ಭಾಗಿಸಿದೆ. ಇಪ್ಪತ್ತಮೂರು. ಮಗ್ಗಿ ನನಗೆ ಇವತ್ತಿಗೂ ಬಾಯಿಗೆ ಬರುತ್ತೆ, ಬೆತ್ತದ ಏಟಲ್ಲಿ ಕಲಿತಿದ್ದು.
"ಎಷ್ಟು ಎಳೆಯುತ್ತೆ ಅಂತ ಬೇಕಾದ್ರೆ ಭಾಗಿಸಬಾರದಜ್ಜಿ, ಗುಣಿಸಬೇಕು. ಅದು ವ್ಯಾಟ್."
ಪೆಟ್ಟಿಗೆ ನಾನೂರ ಅರವತ್ತು. ಗೀಸರ್ ಎರಡು ಸಾವಿರದ ಮುನ್ನೂರು. ಐದು ಪಟ್ಟು.
ಲೈನು ಒಂದು ಕೊಳಗ ಅಂದ್ಕೊಂಡ್ರೆ, ಹತ್ತು ಸೇರು ಅವಳೇ ಸುರಿದು ತುಂಬಿಸಿದಾಳೆ. ಮೇಲೆ ನನ್ನ ಎರಡು ಸೇರು ಬಿದ್ದಾಗ ಚೆಲ್ಲಿದೆ. ಚೆಲ್ಲಿದ ಪಾಪ ಮಾತ್ರ ನನ್ನ ತಲೆಗೆ.
ಸ್ಪಂದನ ಎದ್ದಳು — "ಈಗಲೇ ಹೇಳಿ ಬರ್ತೀನಿ."
"ಕೂತ್ಕೊಳ್ಳೇ. ಈಗ ಹೇಳಿದ್ರೆ ಅವಳೊಬ್ಬಳಿಗೇ ಗೊತ್ತಾಗುತ್ತೆ. ಹಿರಿಯರ ಹಬ್ಬಕ್ಕೆ ಏಳೇ ದಿನ."

21-9-25, ಅಮಾವಾಸ್ಯೆ
ಹಾಲ್ ತುಂಬ ನೆಂಟರು. ಹಿರಿಯರ ಎಡೆಗೆ ಇವರ ಹೆಸರಲ್ಲಿ ಹೊಸ ಪಂಚೆ ಇಡೋದು ನಾನೇ. ಪ್ರತಿ ವರ್ಷ ಇವರ ಪೆಟ್ಟಿಗೇಲೇ ಇಸ್ತ್ರಿ ಮಾಡಿ. ಭೈರೇಶ ಅಂಗಡೀಲಿ ಮಾಡಿಸ್ತೀನಿ ಅಂದ. ಬೇಡ ಅಂದೆ. ನೆನೆಸಿ, ಹಿಂಡಿ, ಒದರದೇ ಒಣಗಿಸಿ, ಮುದುರಿದ್ದನ್ನೇ ಇಟ್ಟೆ.
ನಾದಿನಿ ಕೇಳ್ತಾಳೆ ಅಂತ ಗೊತ್ತಿತ್ತು. "ಏನತ್ತಿಗೆ, ನಮ್ಮಣ್ಣಂಗೆ ಮುದುರಿದ ಪಂಚೆ?"
"ನಂಗೇನಮ್ಮ ಗೊತ್ತು, ಮೂರನೇ ಕ್ಲಾಸು. ಮೇಷ್ಟ್ರಮ್ಮನ್ನ ಕೇಳು."
ನೂರ ಹದಿನೈದು, ಇಪ್ಪತ್ತಮೂರು ಅಂತ ಕಲ್ಯಾಣಮ್ಮ ಪಾಠ ಮಾಡಿದಳು. ಪೂರ್ತಿ ಮಾಡಕ್ಕೆ ಬಿಟ್ಟೆ. ಮುಗಿದ ಮೇಲೆ ಚೀಟಿ ಅವಳ ಕೈಗೇ ಕೊಟ್ಟೆ.
"ಇನ್ನೂರ ಮೂವತ್ತನ್ನ ಎರಡರಿಂದ ಗುಣಿಸು ಕಲ್ಯಾಣಿ. ಗಟ್ಟಿಯಾಗಿ... ಈಗ ಹತ್ತರಿಂದ."
ಅವಳು ಚೀಟಿ ಭೈರೇಶನ ಕೈಗೆ ದಾಟಿಸಿದಳು. ಭೈರೇಶ ನಾಗರಾಜುಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. "ಆಂಟಿ, ಆ ನೂರ ಹದಿನೈದು ಓಮ್. ಕಾಯಿಲ್ ಸರಿಗಿದ್ಯಾ ಅಂತ ನೋಡಿದ್ದು. ಎಳೆಯೋದೆಲ್ಲ ಗೀಸರ್ರೇ."
ಪೆಟ್ಟಿಗೆ ಅವಳೇ ಸ್ಟೂಲ್ ಹತ್ತಿ ಇಳಿಸಲಿ ಅಂದೆ. ಇಳಿಸಿದಳು. ನನ್ನ ಪೆಟ್ಟಿಗೆ ಕಾದಿರೋ ಹೊತ್ತಲ್ಲಿ ಗೀಸರ್ ಹಾಕಬಾರದು ಅಂತ ತೀರ್ಮಾನ ಆಯ್ತು.
ತಪ್ಪಾಯ್ತು ಅನ್ನಲಿಲ್ಲ. ಪೆಟ್ಟಿಗೆ ಅಟ್ಟದಲ್ಲಿದ್ದಿದ್ದು ಎಪ್ಪತ್ತೇಳು ದಿನ. ಹೊಟ್ಟೆ ತಣ್ಣಗಾಗಲಿಲ್ಲ.

29-10-25, ಮಧ್ಯಾಹ್ನ 4.10
ನಾಳೆ ಅವಳ ಮಗಳು ದಿವ್ಯಳ ನಿಶ್ಚಿತಾರ್ಥ. ಊರಿಂದ ನೆಂಟರು ಬಂದಿಳಿದಿದಾರೆ. ಕಲ್ಯಾಣಮ್ಮ ಮೆಟ್ಟಿಲು ಹತ್ತಿ ಬಂದಳು, ಕೈಯಲ್ಲಿ ನಾಳೆ ತಾನು ಉಡೋ ಹಸಿರು ರೇಷ್ಮೆ. "ಅಂಗಡಿಯವನು ಸುಟ್ಟುಬಿಡ್ತಾನೆ ಅಕ್ಕ. ನಿಮ್ಮ ಕೈಯೇ ಆಗಬೇಕು."
ಈಗಲಾದರೂ ತಪ್ಪಾಯ್ತು ಅಂತಾಳೇನೋ ಅಂತ ಕಾದೆ. ಅನ್ನಲಿಲ್ಲ. ಇಟ್ಟು ಇಳಿದು ಹೋದಳು.
ಪ್ಲಗ್ ಹಾಕಿದೀನಿ. ಈ ಪೆಟ್ಟಿಗೆಗೆ ತಿರುಗಿಸೋ ಗುಂಡಿ ಇಲ್ಲ. ರೇಷ್ಮೆಗೆ ನಾಕು ನಿಮಿಷಕ್ಕೆ ಪ್ಲಗ್ ತೆಗೀಬೇಕು, ಕಾಟನ್‌ಗೆ ಆರು. ಏಳು ದಾಟಿದರೆ ಯಾವ ಬಟ್ಟೆನೂ ಉಳಿಯಲ್ಲ.

4.14
ತೆಗೆದಿಲ್ಲ.
ನಾನೂರ ಅರವತ್ತು ವ್ಯಾಟ್. ಒಂದು ಸೀರೆಗೆ ಅಷ್ಟು ಸಾಕು.

4.17
ದಿವ್ಯ ಸಣ್ಣೋಳಿದ್ದಾಗ ಈ ಮೇಜಿನ ಕೆಳಗೇ ಮಲಗ್ತಿದ್ದಳು. ಬೆಚ್ಚಗಿರುತ್ತೆ ದೊಡ್ಡಮ್ಮ ಅಂತ.
ಸಾಕು. ಪ್ಲಗ್ ತೆಗೆದು ತಣ್ಣಗಾಗಕ್ಕೆ ಬಿಡ್ತೀನಿ. ನಾಳೆ ಆ ಮಗು ಮುಖ—

4.18
ಫ್ಯಾನ್ ನಿಂತಿತು. ನೆಂಟರ ಸ್ನಾನಕ್ಕೆ ಗೀಸರ್ ಹಾಕಿದಾಳೆ.
ಕೆಳಗಿಂದ ಕೂಗು — "ಅಕ್ಕಾ, ಫ್ಯೂಸ್ ಹೋಯ್ತು. ನಿಮ್ಮ ಪೆಟ್ಟಿಗೆನೇ ಇರಬೇಕು."
ಏಳು ನಿಮಿಷ ದಾಟಿದೆ, ಪೆಟ್ಟಿಗೆ ಇನ್ನೂ ಕಾದೇ ಇದೆ. ಸೀರೆ ಹರಡಿದೀನಿ. ಮೊದಲು ಸೆರಗು.