ನಮ್ಮ ಮನೆಯ ಒಲೆ ಎಣಿಸಿದವರಿಗೆ

ಅಂಗವಿಕಲರ ಭತ್ಯೆ ಕಚೇರಿಯ ಮುಖ್ಯಾಧಿಕಾರಿಗಳೇ,

ಮೊದಲು ಮಾನ್ಯರೇ ಅಂತ ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಆ ಮಾತು ಮನಸ್ಸಿನಿಂದ ಬಂದ ದಿನ ಮತ್ತೆ ಬರೆಯುತ್ತೇನೆ. ವಿಷಯ ಇಷ್ಟು: ನನ್ನ ಅಕ್ಕನ ಭತ್ಯೆಯನ್ನು ನೀವು ನಿಲ್ಲಿಸಿದ್ದೀರಿ. ಅವಳ ಸೊಂಟದ ಕೆಳಗೆ ಮತ್ತೆ ಜೀವ ಬಂತು ಅಂತ ನಿಲ್ಲಿಸಿದ್ದರೆ ನಾನೇ ಬಂದು ನಿಮ್ಮ ಕಾಲಿಗೆ ಬೀಳುತ್ತಿದ್ದೆ. ನೀವು ನಿಲ್ಲಿಸಿದ್ದು ನಮ್ಮ ಮನೆಯ ಒಲೆ ಲೆಕ್ಕ ಹಾಕಿ. ಬರುವ ಸೋಮವಾರ ನಿಮ್ಮದೇ ಇಲಾಖೆಯ ವ್ಯಾನು ಬಂದು ಅವಳನ್ನು ಬೇರೆ ಊರಿನ ಅಂಗವಿಕಲರ ನಿಲಯಕ್ಕೆ ಸಾಗಿಸುತ್ತದೆ. ಅದಕ್ಕೆ ಮುಂಚೆ ನೀವು ಇದನ್ನು ಓದಬೇಕು. ನಿಮ್ಮ ಕೌಂಟರಿನಲ್ಲಿ ಕೊಟ್ಟ ಅರ್ಜಿ ನಿಮ್ಮ ಮೇಜು ತಲುಪುವಷ್ಟರಲ್ಲಿ ಕೊಟ್ಟವನಿಗೆ ತಲೆ ನರೆತಿರುತ್ತದೆ. ಅದಕ್ಕೇ ಪತ್ರಿಕೆಗೆ ಬರೆದೆ. ಬೆಳಿಗ್ಗೆ ಕಾಫಿ ಜೊತೆ ನೀವು ಪೇಪರ್ ಓದೇ ಓದುತ್ತೀರಿ ಅಂತ ನಿಮ್ಮ ಜವಾನರೇ ಹೇಳಿದರು.

ನಾನು ಹೆಚ್ಚು ಓದಿದವನಲ್ಲ. ಮೀಸೆ ಮೂಡುವ ಮುಂಚೆಯೇ ಶಾಲೆ ಬಿಟ್ಟವನು. ಗೋದಾಮಿನಲ್ಲಿ ಮೂಟೆ ಇಳಿಸುತ್ತೇನೆ. ಹಾಗಾಗಿ ನಯವಾದ ಮಾತು ಹುಡುಕಬೇಡಿ. ಶಾಲೆ ಯಾಕೆ ಬಿಟ್ಟೆ ಅಂತ ನಿಮ್ಮ ಅರ್ಜಿಯಲ್ಲಿ ಒಂದು ಕಾಲಂ ಇದೆ, ಅದರಲ್ಲಿ ಬರೆಯಲು ಹೆಬ್ಬೆರಳಿನಷ್ಟು ಜಾಗ ಇದೆ. ಅಲ್ಲಿ ಜಾಗ ಸಾಲಲಿಲ್ಲ, ಇಲ್ಲಿ ಬರೆಯುತ್ತೇನೆ.

ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದು ಅಕ್ಕ. ಆಗ ಅವಳೂ ಹುಡುಗಿಯೇ. ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸ. ನೀವು ಎಂದಾದರೂ ಆಸ್ಪತ್ರೆಯಲ್ಲಿ ಮಲಗಿದ್ದರೆ ಅವಳು ಮಡಿಸಿದ ಚಾದರದ ಮೇಲೆಯೇ ಮಲಗಿರಬಹುದು. ಚಾದರ ಮಡಿಸಲು ಇಬ್ಬರು ಬೇಕು, ಆ ತುದಿಗೊಬ್ಬಳು ಈ ತುದಿಗೊಬ್ಬಳು. ಮನೆಯಲ್ಲೂ ಹಾಗೇ ಮಡಿಸೋಣ ಬಾ ಅಂತ ನನ್ನನ್ನು ಇನ್ನೊಂದು ತುದಿಗೆ ನಿಲ್ಲಿಸುತ್ತಿದ್ದಳು. ಒಂದು ದಿನ ಒದ್ದೆ ಬಟ್ಟೆಯ ಗಂಟು ಹೊತ್ತು ಇಳಿಯುವಾಗ ಮೆಟ್ಟಿಲ ಮೇಲೆ ಜಾರಿದಳು. ಗಂಟು ಅವಳ ಮೇಲೆ ಬಿತ್ತು. ಬೆನ್ನುಮೂಳೆ ಮುರಿಯಿತು. ಲಾಂಡ್ರಿಯ ಮಾಲೀಕ ಹಣ್ಣು ತಂದು ಕೊಟ್ಟು, ಮೆಟ್ಟಿಲು ಸರಿಯಾಗೇ ಇದೆ ಅಂತ ಹೇಳಿ ಹೋದ. ಅದರ ಮುಂದಿನ ವಾರದಿಂದ ನಾನು ಶಾಲೆಗೆ ಹೋಗಲಿಲ್ಲ. ಕಾಲಂ ತುಂಬಿತಾ?

ಸೊಂಟದ ಕೆಳಗೆ ಸ್ಪರ್ಶವಿಲ್ಲದ ಮೈಯನ್ನು ನೋಡಿಕೊಳ್ಳುವುದು ಅಂದರೆ ಏನು ಅಂತ ನಿಮಗೆ ಗೊತ್ತಿರುತ್ತದೆ ಅಂದುಕೊಂಡಿದ್ದೆ. ನಿಮ್ಮ ಕಚೇರಿಯ ಹೆಸರೇ ಅದು ತಾನೆ. ಗೊತ್ತಿಲ್ಲ ಅಂತ ಆಮೇಲೆ ಅರ್ಥವಾಯಿತು. ಅವಳನ್ನು ಆಗಾಗ ಮಗ್ಗುಲು ತಿರುಗಿಸಬೇಕು. ತಿರುಗಿಸದಿದ್ದರೆ ಮೈ ಒತ್ತಿ ಹುಣ್ಣಾಗುತ್ತದೆ, ಆದದ್ದು ಅವಳಿಗೆ ತಿಳಿಯುವುದಿಲ್ಲ. ಅದಕ್ಕೆ ಒಂದು ಕೈಕನ್ನಡಿ ಇಟ್ಟಿದ್ದೇವೆ. ನಾನು ಹಿಡಿಯುತ್ತೇನೆ, ಅವಳು ತನ್ನ ಬೆನ್ನು ತಾನೇ ನೋಡಿಕೊಳ್ಳುತ್ತಾಳೆ. ತಮ್ಮನ ಎದುರು ಇದೆಲ್ಲ ಎಷ್ಟು ಕಷ್ಟ ಅಂತ ನಿಮ್ಮ ಮನೆಯ ಹೆಣ್ಣುಮಕ್ಕಳನ್ನು ಕೇಳಿ. ಮೊದಮೊದಲು ಅವಳು ಮುಖದ ಮೇಲೆ ಟವೆಲ್ ಹಾಕಿಕೊಳ್ಳುತ್ತಿದ್ದಳು. ಈಗ ಜೋಕು ಮಾಡುತ್ತಾಳೆ. “ನೋಡೋ, ಹಿಂದ್ಗಡೆ ರಿಪೇರಿ ಕೆಲಸ ಏನಾದ್ರೂ ಇದ್ಯಾ?” ಅನ್ನುತ್ತಾಳೆ. ಆ ಭತ್ಯೆಯಲ್ಲೇ ಮೂತ್ರದ ನಳಿಕೆ, ಚೀಲ, ಮುಲಾಮು, ಬಾಡಿಗೆ ಎಲ್ಲ. ಅದರಲ್ಲೇ ಸ್ವಲ್ಪ ಕೆಳಗಿನ ಮನೆಯ ಅತ್ತೆಗೆ. ಅತ್ತೆ ಅಂದರೆ ನೆಂಟರಲ್ಲ, ಬಾಯಿಮಾತಿನ ಅತ್ತೆ. ನಾನು ಗೋದಾಮಿಗೆ ಹೋದಾಗ ಅವರು ಬಂದು ಅಕ್ಕನನ್ನು ತಿರುಗಿಸುತ್ತಾರೆ. ಅವರು ಬಂದರೆ ನಾನು ದುಡಿಯಬಹುದು, ಬರದಿದ್ದರೆ ಇಲ್ಲ. ಇಷ್ಟು ಸುಲಭದ ಲೆಕ್ಕ ನಿಮ್ಮಲ್ಲಿ ಯಾರಿಗೂ ಬರಲಿಲ್ಲವಲ್ಲ, ನೀವು ಎಲ್ಲಿ ಶಾಲೆ ಬಿಟ್ಟಿರಿ?

ಈಗ ನಿಮ್ಮ ಉಪಕಾರದ ಕಥೆ. ಶಾಲೆ ಬಿಟ್ಟ ಹುಡುಗರಿಗೆ ಖಾತರಿ ಆದಾಯ ಅಂತ ಒಂದು ಪ್ರಯೋಗ ಶುರುವಾಯಿತು. ಚೀಟಿ ಎತ್ತಿದರು, ನನ್ನ ಹೆಸರು ಬಂತು. ದೊಡ್ಡ ಸಭಾಂಗಣಕ್ಕೆ ಕರೆದು ನೀರಿನ ಬಾಟಲಿ ಕೊಟ್ಟು ಕೂರಿಸಿದರು. ವೇದಿಕೆಯ ಮೇಲೆ ಒಬ್ಬ ಮೇಡಂ ಮಾತಾಡಿದರು. ಈ ಹಣಕ್ಕೆ ಷರತ್ತಿಲ್ಲ, ಯಾರೂ ನಿಮ್ಮನ್ನು ಪ್ರಶ್ನೆ ಕೇಳುವುದಿಲ್ಲ, ತಲೆ ಎತ್ತಿ ಬದುಕಿ ಅಂದರು. ಸುಳ್ಳು ಯಾಕೆ ಹೇಳಲಿ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ನಾನೇ. ಪ್ರಶ್ನೆ ಕೇಳದೆ ನನಗೆ ಯಾರೂ ಒಂದು ಲೋಟ ನೀರನ್ನೂ ಕೊಟ್ಟಿರಲಿಲ್ಲ. ಮನೆಗೆ ಓಡಿಬಂದು ಅಕ್ಕನಿಗೆ ಹೇಳಿದೆ. ಸಂಜೆ ಹೊತ್ತು ವೆಲ್ಡಿಂಗ್ ಕಲಿಯುತ್ತೇನೆ, ಬಾಗಿಲಿಗೆ ಇಳಿಜಾರು ಮಾಡಿಸುತ್ತೇನೆ, ನಿನ್ನ ಗಾಲಿಕುರ್ಚಿ ಬೀದಿಗೆ ಇಳಿಯುತ್ತದೆ ಅಂದೆ. ಅವಳು, ಬೀದಿಗೆ ಇಳಿದ ಮೇಲೆ ಬ್ರೇಕ್ ಯಾರು ಹಿಡಿಯುತ್ತಾರೆ ಅಂತ ಕೇಳಿದಳು. ನಗುತ್ತಲೇ ಕೇಳಿದಳು. ಅವಳು ಹಾಗೆ ನಕ್ಕು ಬಹಳ ಕಾಲವಾಗಿತ್ತು.

ಮುಂದಿನ ತಿಂಗಳು ಅವಳ ಭತ್ಯೆ ಬರಲಿಲ್ಲ. ಕುಟುಂಬದ ಆದಾಯ ಹೆಚ್ಚಿದೆ ಅಂತ ಕಾರಣ. ಸಾರ್, ಹಣ ಕೊಡುವವರು ನಿಮ್ಮ ಕಟ್ಟಡದ ಮೂರನೇ ಮಹಡಿ, ಕಿತ್ತುಕೊಳ್ಳುವವರು ಅದೇ ಕಟ್ಟಡದ ಕೆಳಮಹಡಿ. ಮಧ್ಯೆ ಒಂದು ಲಿಫ್ಟ್ ಇದೆ, ಅದು ಕೆಟ್ಟಿದೆ, ಹಾಗಾಗಿ ಸುದ್ದಿ ಓಡಾಡುವುದಿಲ್ಲ ಅಂತ ಕಾಣುತ್ತದೆ. ನನಗೆ ನಿಮ್ಮ ಹಣವೇ ಬೇಡ, ನನ್ನ ಹೆಸರು ತೆಗೆಯಿರಿ ಅಂತ ಮೂರನೇ ಮಹಡಿಗೆ ಹತ್ತಿದೆ. ತೆಗೆಯಬಹುದು, ಆದರೆ ಬರುವ ಆದಾಯವನ್ನು ಬೇಕಂತಲೇ ಬಿಟ್ಟವರಿಗೆ ಆ ಆದಾಯ ಇದೆ ಅಂತಲೇ ಲೆಕ್ಕ ಹಿಡಿಯುತ್ತೇವೆ ಅಂದರು. ಅಂದರೆ ತಿಂದರೂ ತಿಂದ ಹಾಗೆ, ಉಪವಾಸ ಇದ್ದರೂ ತಿಂದ ಹಾಗೆ. ಇಂಥ ನಿಯಮ ಬರೆದವನು ಮನೆಯಲ್ಲಿ ಹೆಂಡತಿ ಮಕ್ಕಳಿಗೆ ಹೇಗೆ ಬಡಿಸುತ್ತಾನೆ ಅಂತ ನೋಡುವ ಆಸೆ ನನಗೆ.

ಆಗ ನಿಮ್ಮ ಕೌಂಟರಿನ ಹೆಂಗಸು, ಪಾಪ, ದನಿ ತಗ್ಗಿಸಿ ಒಂದು ದಾರಿ ಹೇಳಿದರು. ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರು ಒಂದು ಕುಟುಂಬ ಅಂತ ನಿಯಮ. ಒಲೆ ಬೇರೆಯಾದರೆ ಕುಟುಂಬ ಬೇರೆ. ಒಂದೇ ಸೂರಿದ್ದರೂ ಪರವಾಗಿಲ್ಲ. ನಾನು ಗುಜರಿ ಅಂಗಡಿಗೆ ಹೋಗಿ ಇನ್ನೊಂದು ಕರೆಂಟು ಒಲೆ ತಂದೆ. ನಮ್ಮದು ಒಂದೇ ಕೋಣೆ. ಕಿಟಕಿಯ ಕಡೆ ಅವಳ ಸಂಸಾರ, ಬಾಗಿಲ ಕಡೆ ನನ್ನ ಸಂಸಾರ. ನಡುವೆ ಹಗ್ಗ ಕಟ್ಟಿ, ಲಾಂಡ್ರಿಯಿಂದ ಅವಳು ಯಾವತ್ತೋ ತಂದಿದ್ದ ಹಳೇ ಚಾದರ ನೇತುಹಾಕಿದೆ. ಅವಳಿಗೊಂದು ಪಾತ್ರೆ, ನನಗೊಂದು ಪಾತ್ರೆ. ಉಪ್ಪಿನ ಡಬ್ಬಿ ಮಾತ್ರ ಒಂದೇ ಇತ್ತು. ಮೊದಲ ದಿನವೇ ಚಾದರದ ಆಚೆಯಿಂದ ದನಿ ಬಂತು.

“ರೀ ಪಕ್ಕದ ಮನೆಯವ್ರೇ, ಒಂಚೂರು ಉಪ್ಪಿದ್ರೆ ಕೊಡ್ತೀರಾ?”

“ನಮ್ಮನೇಲಿ ಸಾಲ ಕೊಡಲ್ಲಮ್ಮ.”

“ಅಯ್ಯೋ, ಎಂಥಾ ಜುಗ್ಗ ಜನ ಸಿಕ್ಕಿದಾರಪ್ಪ ಪಕ್ಕದಲ್ಲಿ. ಹಿಂದೆ ಇದ್ದ ಹುಡುಗನೇ ವಾಸಿ ಇದ್ದ.”

ನಗುತ್ತಾ ನಗುತ್ತಾ ಎರಡು ಒಲೆಗೆ ಕರೆಂಟು ಸುಟ್ಟೆವು. ಬಡವರಿಗೆ ಎರಡು ಸಲ ಅಡುಗೆ ಮಾಡಿಸುವ ಸರ್ಕಾರಿ ಯೋಜನೆ ಇನ್ನೆಲ್ಲಾದರೂ ಇದೆಯಾ? ಅವಳು ಹಾಸಿಗೆಯಲ್ಲೇ ಕೂತು, ಪಕ್ಕದ ಮಣೆಯ ಮೇಲಿನ ಒಲೆಯಲ್ಲಿ ಬೇಯಿಸಿಕೊಳ್ಳುತ್ತಿದ್ದಳು. ಕಾಲಿಗೆ ಬಿಸಿ ತಾಗಿದರೂ ಗೊತ್ತಾಗದವಳ ಪಕ್ಕ ಉರಿಯುವ ಒಲೆ! ಇಡೀ ಹೊತ್ತು ನಾನು ಚಾದರ ಸರಿಸಿ ಸರಿಸಿ ನೋಡುತ್ತಿದ್ದೆ.

ನಾವು ಬೇರೆ ಬೇರೆ ಕುಟುಂಬ ಅಂತ ಬರೆದುಕೊಟ್ಟಿದ್ದೆವು, ಅದನ್ನು ನೋಡಲು ನಿಮ್ಮ ತನಿಖೆಯವರು ಬಂದರು. ಊಟದ ಹೊತ್ತಿಗೇ ಬಂದರು, ಹಾಗೇ ಬರಬೇಕಂತೆ. ಅವರನ್ನು ಬೈಯುವುದಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ತಗ್ಗಿದ ದನಿಯಲ್ಲಿ ಮಾತಾಡಿದ ಮನುಷ್ಯ. ಅವರು ನೋಡಲೆಂದು ನಾನು ಚಾದರ ಸರಿಸಿದೆ. ಅವಳ ತಟ್ಟೆ ಅವಳ ತೊಡೆಯ ಮೇಲೆ, ನನ್ನ ತಟ್ಟೆ ನನ್ನ ಕೈಯಲ್ಲಿ. ಇಬ್ಬರ ನಡುವೆ ಒಂದು ಮೊಳ ಜಾಗ. ಅವರು ಎರಡೂ ಒಲೆ ಮುಟ್ಟಿ ನೋಡಿದರು, ಎರಡೂ ಬಿಸಿ. ಎರಡು ಪಾತ್ರೆಯ ಮುಚ್ಚಳ ತೆಗೆದು ನೋಡಿದರು. ತಲೆಯಾಡಿಸಿದರು. ಪಾಸಾದೆವು ಅಂದುಕೊಂಡೆ. ಕೊನೆಗೆ ಕುರ್ಚಿಯಲ್ಲಿ ಕೂತು ಅಕ್ಕನನ್ನು ಕೇಳಿದರು, ಇವರು ನಿಮಗೆ ಊಟ ಕೊಡುವುದಾಗಲಿ ನೀವು ಇವರಿಗೆ ಕೊಡುವುದಾಗಲಿ ಇದೆಯಾ ಅಂತ. ನಾವು ಈ ಪ್ರಶ್ನೆಯನ್ನು ಅಭ್ಯಾಸ ಮಾಡಿದ್ದೆವು.

“ಇಲ್ಲ ಸಾರ್,” ಅಂದಳು ಅಕ್ಕ, ಅವರ ಮುಖವನ್ನೇ ನೋಡುತ್ತಾ. “ಅವ್ನ ಊಟ ಅವ್ನದು, ನನ್ನ ಊಟ ನಂದು. ಅವ್ನು ಏನು ತಿಂತಾನೆ ಅಂತಾನೂ ನಾನು ಕೇಳಲ್ಲ.”

ಇಷ್ಟು ಹೇಳುವಾಗ ಅವಳ ಕೈ ಏನು ಮಾಡುತ್ತಿತ್ತು ಗೊತ್ತಾ ಸಾರ್? ತಟ್ಟೆಯಲ್ಲಿದ್ದ ಬೇಯಿಸಿದ ಮೊಟ್ಟೆಯನ್ನು ಎರಡು ಹೋಳು ಮಾಡಿತು. ಒಳಗಿನ ಹಳದಿಯನ್ನು ಬೆರಳಲ್ಲಿ ಬಿಡಿಸಿತು. ಚಾಚಿ, ನನ್ನ ತಟ್ಟೆಯಲ್ಲಿ ಇಟ್ಟಿತು. ಅವಳು ಆ ಕಡೆ ನೋಡಲೂ ಇಲ್ಲ. ಅಮ್ಮ ಹೋದಾಗಿನಿಂದ ಆ ಕೈ ಮಾಡಿಕೊಂಡು ಬಂದ ಕೆಲಸ ಅದು. ಹಳದಿ ತನಗೆ ಸೇರಲ್ಲ ಅನ್ನುತ್ತಾಳೆ. ನಾನು ಅದನ್ನು ನಂಬಿಕೊಂಡೇ ಬೆಳೆದೆ. ನಾನೂ ಏನು ಮಾಡಿದೆ, ಅಭ್ಯಾಸದ ಹಾಗೆ ಅದನ್ನು ಬಾಯಿಗೆ ಹಾಕಿಕೊಂಡೆ.

ನನ್ನ ಬಾಯಲ್ಲಿ ಹಳದಿ, ನುಂಗುವುದಕ್ಕೂ ಆಗದು, ಉಗುಳುವುದಕ್ಕೂ ಆಗದು. ಅಕ್ಕ ತನ್ನ ಕೈಯನ್ನು ತಾನೇ ನೋಡಿಕೊಂಡಳು, ಬೇರೆ ಯಾರದ್ದೋ ಕೈ ಅನ್ನುವ ಹಾಗೆ. ತನಿಖೆಯವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಆಮೇಲೆ, “ನಾನು ನೋಡ್ಬಾರದಿತ್ತಮ್ಮ,” ಅಂದರು. ಬರೆದರು. ಎದ್ದು ಹೋದರು.

ನಿಮ್ಮ ಆದೇಶ ಬಂತು. ಒಂದೇ ಕುಟುಂಬ, ಸುಳ್ಳು ಹೇಳಿಕೆ, ಭತ್ಯೆ ರದ್ದು. ಹೌದು, ಸುಳ್ಳು ಹೇಳಿದೆವು. ಅಕ್ಕ ತಮ್ಮ ಅಲ್ಲ ಅಂತ ನಾಟಕ ಆಡಿದೆವು. ಆ ನಾಟಕ ಬರೆದವರು ಯಾರು? ಬೇರೆಯಾದರೆ ಕೊಡುತ್ತೇನೆ, ಒಂದಾಗಿದ್ದರೆ ಕಿತ್ತುಕೊಳ್ಳುತ್ತೇನೆ ಅಂತ ಮನೆಯೊಳಗೆ ಹಗ್ಗ ಕಟ್ಟಿಸಿದವರು ಯಾರು? ನನ್ನನ್ನು ನಂಬಿ ಕೊಟ್ಟ ಹಣ ನನ್ನದು. ಅವಳ ಮೈಗೆ ಬೇಕಾದ್ದು ಅವಳದು. ನನಗೆ ಸಂಬಳ ಬಂದರೆ ಅವಳ ಬೆನ್ನುಮೂಳೆ ಕೂಡುತ್ತದಾ? ನಾನು ವೆಲ್ಡಿಂಗ್ ಕಲಿತರೆ ಅವಳಿಗೆ ನಳಿಕೆ ಬೇಡವಾಗುತ್ತದಾ? ಸಭಾಂಗಣದಲ್ಲಿ ಮೇಡಂ ಹೇಳಿದ ಮಾತನ್ನು ಅಕ್ಕನಂಥವರಿಗೆ ಯಾಕೆ ಯಾರೂ ಹೇಳುವುದಿಲ್ಲ? ನನಗೆ ಪ್ರಶ್ನೆ ಕೇಳದೆ ಕೊಡುತ್ತೀರಿ, ನನಗೆ ಎರಡು ಕಾಲಿದೆ. ಅವಳಿಗೆ ಮಾತ್ರ ವರ್ಷ ವರ್ಷ ಪ್ರಶ್ನೆ. ಇನ್ನೂ ನಡೆಯಲು ಬರುವುದಿಲ್ಲವಾ, ಒಲೆ ಎಷ್ಟು, ತಟ್ಟೆಯಲ್ಲಿ ಏನು, ಯಾರು ಕೊಟ್ಟರು? ತಲೆ ಎತ್ತಿ ಬದುಕುವುದಕ್ಕೆ ಮೊದಲು ಎದ್ದು ನಿಲ್ಲಬೇಕು ಅಂತ ನಿಮ್ಮ ನಿಯಮವಾ?

ಈಗ ಅತ್ತೆ ಬರುವುದಿಲ್ಲ. ನನಗೆ ಕೊಡುವ ಹಣ ನಳಿಕೆಗೂ ಬಾಡಿಗೆಗೂ ಸರಿಹೋಗುತ್ತದೆ, ಅವರಿಗೆ ಕೊಡಲು ಉಳಿಯುವುದಿಲ್ಲ. ಪುಕ್ಕಟೆ ಬರುತ್ತೇನೆ ಅಂದರು, ಎರಡು ವಾರ ಬಂದರು. ಅವರ ಹೊಟ್ಟೆಯೂ ಇದೆಯಲ್ಲ, ಬೇರೆ ಮನೆಯ ಕೆಲಸ ಹಿಡಿದರು. ನಾನು ಗೋದಾಮಿಗೆ ಹೋದರೆ ಅಕ್ಕ ಹಾಕಿದ ಹಾಗೇ ಬಿದ್ದಿರುತ್ತಾಳೆ, ಹೋಗದಿದ್ದರೆ ಮೇಸ್ತ್ರಿ ನನ್ನ ಜಾಗಕ್ಕೆ ಇನ್ನೊಬ್ಬನನ್ನು ಹಾಕುತ್ತಾನೆ. ಮೊನ್ನೆ ಕೈಕನ್ನಡಿಯಲ್ಲಿ ಮೊದಲ ಹುಣ್ಣು ಕಾಣಿಸಿತು. ನಾನು ಕನ್ನಡಿಯನ್ನು ಸ್ವಲ್ಪ ವಾರೆ ಹಿಡಿದೆ. “ನೆಟ್ಟಗೆ ಹಿಡಿಯೋ,” ಅಂದಳು. ಹಿಡಿದೆ. ನೋಡಿದಳು. ಅವತ್ತೇ ಅವಳು ನಿಲಯಕ್ಕೆ ಹೋಗುತ್ತೇನೆ ಅಂತ ಒಪ್ಪಿ, ಹೆಬ್ಬೆಟ್ಟಲ್ಲ, ಸಹಿ ಹಾಕಿ ಕಳಿಸಿದ್ದಾಳೆ. ನನ್ನನ್ನು ಕೇಳಲಿಲ್ಲ. ನಾನು ಕೂಗಾಡಿದೆ, ತಟ್ಟೆ ಎಸೆದೆ. ಅವಳು ಸುಮ್ಮನೆ ಬಟ್ಟೆ ಮಡಿಸುತ್ತಿದ್ದಳು. ನಿಲಯದಲ್ಲಿ ಉದ್ದಕ್ಕೂ ಹಾಸಿಗೆ, ಆಳು ಕಡಿಮೆ. ಅಲ್ಲಿ ಒಬ್ಬರನ್ನು ಇಟ್ಟುಕೊಳ್ಳಲು ನೀವು ಮಾಡುವ ಖರ್ಚು ಅವಳ ಭತ್ಯೆಗಿಂತ ಜಾಸ್ತಿ ಅಂತ ನಿಮ್ಮವರೇ ಹೇಳಿದರು. ಅಂದರೆ ನಮ್ಮನ್ನು ಬೇರೆ ಮಾಡಲು ನಿಮ್ಮ ಹತ್ತಿರ ದುಡ್ಡಿದೆ. ಒಟ್ಟಿಗೆ ಇರಿಸಲು ಇಲ್ಲ.

ನಿಲಯದ ಬಗ್ಗೆ ಅಕ್ಕ ಒಂದೇ ಒಂದು ಮಾತು ಕೇಳಿದಳು. ಹಾಸಿಗೆ ಹೇಗಿರುತ್ತೆ, ಕಿಟಕಿ ಇದೆಯಾ ಅಂತ ಕೇಳಲಿಲ್ಲ.

“ಅಲ್ಲಿ ಮೊಟ್ಟೆ ಕೊಟ್ರೆ,” ಅಂದಳು, “ನನ್ನ ಪಕ್ಕ ಯಾರು ಕೂತಿರ್ತಾರೋ?”

ನಿಮಗೆ ಗೊತ್ತಿದ್ದರೆ ಬಂದು ಅವಳಿಗೆ ಹೇಳಿ. ಇಲ್ಲದಿದ್ದರೆ ನಾನು ಕೇಳುವುದು ಇದು: ಸೋಮವಾರದ ವ್ಯಾನು ನಿಲ್ಲಿಸಿ. ಅವಳ ಭತ್ಯೆಯನ್ನು ಅವಳ ಹೆಸರಿಗೆ, ಅವಳ ಮೈಗೆ ಅಂತ ಕೊಡಿ, ನಮ್ಮ ಒಲೆಗೆ ಅಂತ ಬೇಡ. ನನಗೆ ಕೊಟ್ಟ ಹಾಗೆ ಅವಳಿಗೂ ಪ್ರಶ್ನೆ ಕೇಳದೆ ಕೊಡಿ. ಅವಳಂಥ ಎಲ್ಲರಿಗೂ ಕೊಡಿ. ಅದು ಆಗುವುದಿಲ್ಲ ಅಂದರೆ ಸೋಮವಾರ ವ್ಯಾನಿನ ಜೊತೆ ನೀವೇ ಬನ್ನಿ. ಅವಳನ್ನು ಎತ್ತಲು ಇಬ್ಬರು ಬೇಕು. ಒಂದು ತುದಿ ನೀವು ಹಿಡಿಯಿರಿ.

ಇಂತಿ,
ತಟ್ಟೆಯಲ್ಲಿ ಸಿಕ್ಕಿಬಿದ್ದ ತಮ್ಮ

ಸೋಮವಾರದ ಮೇಲೆ ಈ ಮನೆಯಲ್ಲಿ ಒಬ್ಬನೇ ಇರುತ್ತೇನೆ. ಒಲೆ ಎರಡು ಇರುತ್ತವೆ. ಎಣಿಸಲು ಯಾವಾಗ ಬೇಕಾದರೂ ಬನ್ನಿ.